ಬಣ್ಣದ ನಕ್ಷೆಯಿಂದ ನೆಲದ ಓದಿಗೆ: ನಗರ ಯೋಜನೆಯ ಹೊಸ ವಿದ್ಯಾರ್ಥಿಗಳಿಗೆ ಸ್ಥಳವಿನ್ಯಾಸ ಬೋಧನೆ

ಕಟ್ಟಡ, ಬೀದಿ, ಬಯಲು, ನೀರು, ಮರ ಇವುಗಳ ನಡುವಿನ ಅಂತರವನ್ನೂ ಎತ್ತರವನ್ನೂ ಜನರ ಬಳಕೆಗೆ ಒಗ್ಗುವಂತೆ ಹೊಂದಿಸುವ ವಿದ್ಯೆಯೇ ಸ್ಥಳವಿನ್ಯಾಸ. ವಾಸ್ತುಶಿಲ್ಪ ಓದುವವರು ಇದನ್ನು ಒಂದು ಕೋಣೆಯಿಂದ, ಒಂದು ಮನೆಯಿಂದ ಕಲಿಯತೊಡಗುತ್ತಾರೆ. ನಗರ ಯೋಜನೆ ಓದುವವರು ಇಡೀ ಊರನ್ನೇ ಎದುರಿಸಬೇಕು. ಅವರ ಕೈಗೆ ಬೇಗನೆ ಬರುವುದು ಭೂಬಳಕೆ ನಕ್ಷೆ: ವಸತಿಗೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಸಾರ್ವಜನಿಕ ಸೌಲಭ್ಯಕ್ಕೆ ಕೆಂಪು, ಉದ್ಯಾನಕ್ಕೆ ಹಸಿರು. ಆದರೆ ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆದಾರನ (ರೀಲರನ) ಮನೆ ಈ ಬಣ್ಣಗಳಿಗೆ ಸಿಕ್ಕುವುದಿಲ್ಲ. ಮುಂದೆ ಸಂಸಾರ, ಹಿಂದೆ ಗೂಡು ಬೇಯಿಸುವ ಒಲೆ, ಪಕ್ಕದಲ್ಲಿ ಸೌದೆಯ ರಾಶಿ, ಚರಂಡಿಯಲ್ಲಿ ಬಿಸಿ ನೀರು. ಅದಕ್ಕೆ ಹಳದಿ ಬಳಿಯಬೇಕೋ ನೇರಳೆಯೋ? ಬಣ್ಣದ ತುಂಡಿನೊಳಗೆ ಏನಿದೆ ಎಂದು ನೋಡುವ ಕಣ್ಣನ್ನು ಹೊಸಬರಿಗೆ ಹೇಗೆ ಕೊಡುವುದು ಎಂಬ ಪ್ರಶ್ನೆಯ ಸುತ್ತಲೇ ಈ ಬೋಧನೆ ನೂರು ವರ್ಷಗಳಿಂದ ಬೆಳೆದುಬಂದಿದೆ.

ಆರಂಭದ ಘಟ್ಟ

ನಗರ ಯೋಜನೆಗೆಂದೇ ಒಂದು ವಿಶ್ವವಿದ್ಯಾಲಯ ವಿಭಾಗ ಮೊದಲು ತೆರೆದದ್ದು 1909ರಲ್ಲಿ, ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ. ವಿಭಾಗದ ಹೆಸರಿನಲ್ಲೇ ವಿನ್ಯಾಸವಿತ್ತು. ವಾಸ್ತುಶಿಲ್ಪದಿಂದ ಬಂದ ಈ ಪರಂಪರೆಗೆ ನೇರ ಬೀದಿ, ಸಮತೂಕದ ಚೌಕ, ದೊಡ್ಡ ಸಂಯೋಜನೆಗಳ ಮೇಲೆ ಒಲವು. ಭಾರತಕ್ಕೆ ಇದರ ಎದುರು ದನಿ ಬಂದದ್ದು ಪ್ಯಾಟ್ರಿಕ್ ಗೆಡ್ಡೆಸ್ ಮೂಲಕ. ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಆತ 1914ರಲ್ಲಿ ಮದರಾಸಿಗೆ ಬಂದು, ಊರೂರು ನಡೆದು ವರದಿಗಳನ್ನು ಬರೆದ. ಯೋಜನೆಗೆ ಮುಂಚೆ ಸಮೀಕ್ಷೆ ನಡೆಯಬೇಕು. ಹಳೆಯ ಕೇರಿಯ ನಡುವೆ ಅಗಲ ರಸ್ತೆ ಸೀಳುವ ಬದಲು, ಕುಸಿದ ಮನೆಯನ್ನಷ್ಟೇ ತೆಗೆದು ಗಾಳಿ ಬೆಳಕಿಗೆ ದಾರಿ ಮಾಡಬೇಕು ಎಂಬುದು ಆತನ ಪಾಠ. 1919ರಿಂದ 1924ರವರೆಗೆ ಮುಂಬೈ ವಿಶ್ವವಿದ್ಯಾಲಯದಲ್ಲಿ ಆತ ಸಮಾಜಶಾಸ್ತ್ರ ಮತ್ತು ಪೌರವಿದ್ಯೆಯ ಪ್ರಾಧ್ಯಾಪಕನಾಗಿದ್ದ. ಬೆಟ್ಟದಿಂದ ಕಡಲಿನವರೆಗಿನ ಕಣಿವೆಯನ್ನು ಒಂದೇ ಅಡ್ಡಸೀಳಿನಲ್ಲಿ ಬರೆದು, ಯಾವ ಎತ್ತರದಲ್ಲಿ ಯಾವ ಕಸುಬು ನೆಲೆಸುತ್ತದೆ ಎಂದು ತೋರಿಸುವ ಆತನ ಚಿತ್ರ ಇಂದಿಗೂ ಮೊದಲ ಪಾಠಗಳಲ್ಲಿದೆ.

ಮೈಸೂರು ಸಂಸ್ಥಾನದಲ್ಲಿ ಆ ಹೊತ್ತಿಗೆ ಯೋಜನೆಯ ಕೆಲಸವಿತ್ತು, ಶಾಲೆ ಇರಲಿಲ್ಲ. 1898ರ ಪ್ಲೇಗಿನ ಬಳಿಕ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಚೌಕಳಿ ಬೀದಿಗಳಾಗಿ ಬೆಳೆದವು. ಮೈಸೂರಿನಲ್ಲಿ 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಬಂತು. ಬರ್ಲಿನ್‌ನಲ್ಲಿ ಓದಿದ ಒಟ್ಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದ. ಬಿಸಿಲು, ಗಾಳಿ, ನೆರಳನ್ನು ಲೆಕ್ಕಕ್ಕೆ ಹಿಡಿದು ಕಟ್ಟುವುದನ್ನು ಇಲ್ಲಿ ರೂಢಿಸಿಕೊಂಡ ಆತ ಮುಂದೆ ಲಂಡನ್ನಿನಲ್ಲಿ ಉಷ್ಣವಲಯದ ವಾಸ್ತುಶಿಲ್ಪದ ಬೋಧನೆಯನ್ನು ಮುನ್ನಡೆಸಿದ. ಸಂಸ್ಥಾನದ ಉಳಿದ ಎಂಜಿನಿಯರುಗಳು ಕಚೇರಿಯಲ್ಲಿ ಹಿರಿಯರ ನಕ್ಷೆ ನಕಲು ಮಾಡುತ್ತಲೇ ವಿನ್ಯಾಸ ಕಲಿತರು.

ಶಾಲೆಗಳು ಮತ್ತು ಅಂಕಿಅಂಶದ ಕಡೆಗಿನ ವಾಲು

ಸ್ವಾತಂತ್ರ್ಯಾನಂತರ 1951ರಲ್ಲಿ ಭಾರತೀಯ ನಗರ ಯೋಜಕರ ಸಂಸ್ಥೆ ಹುಟ್ಟಿತು. 1955ರಲ್ಲಿ ದೆಹಲಿಯಲ್ಲಿ ನಗರ ಮತ್ತು ಗ್ರಾಮಾಂತರ ಯೋಜನಾ ಶಾಲೆ ಆರಂಭವಾಗಿ, ಕೆಲವೇ ವರ್ಷಗಳಲ್ಲಿ ವಾಸ್ತುಶಿಲ್ಪ ವಿಭಾಗದೊಡನೆ ಸೇರಿ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್ ಆಯಿತು. ಅಹಮದಾಬಾದಿನಲ್ಲಿ 1972ರಲ್ಲಿ ಯೋಜನಾ ಶಾಲೆ ತೆರೆಯಿತು. ಕರ್ನಾಟಕದಲ್ಲಿ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಯೋಜಕರಿಗೆ ಉದ್ಯೋಗದ ದಾರಿ ತೆರೆದರೆ, ಮೈಸೂರು ವಿಶ್ವವಿದ್ಯಾಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ ಸ್ನಾತಕೋತ್ತರ ಮಟ್ಟದಲ್ಲಿ ನಗರ ಮತ್ತು ಪ್ರಾದೇಶಿಕ ಯೋಜನೆಯನ್ನು ಕಲಿಸತೊಡಗಿತು.

ಇದೇ ಕಾಲದಲ್ಲಿ ಜಗತ್ತಿನಾದ್ಯಂತ ಯೋಜನೆ ಸಮಾಜವಿಜ್ಞಾನದ ಕಡೆ ಹೊರಳಿತು. ಜನಸಂಖ್ಯೆಯ ಅಂದಾಜು, ಸಾರಿಗೆಯ ಮಾದರಿ, ಆರ್ಥಿಕ ವಿಶ್ಲೇಷಣೆ ಮುಂದೆ ಬಂದವು. ರೇಖೆ ಎಳೆಯುವುದು ವಾಸ್ತುಶಿಲ್ಪಿಯ ಪಾಲಾಯಿತು. ಹಾರ್ವರ್ಡ್‌ನಲ್ಲಿ 1960ರ ಹೊತ್ತಿಗೆ ನಗರ ವಿನ್ಯಾಸವೆಂಬ ಬೇರೆ ಪದವಿಯೇ ಬಂತು. ಅದೇ ವರ್ಷ ಪ್ರಕಟವಾದ ಕೆವಿನ್ ಲಿಂಚ್‌ನ ಪುಸ್ತಕ ಎರಡು ದಡಗಳಿಗೂ ಸೇತುವೆ ಹಾಕಿತು. ಬೋಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲಿಸ್‌ನ ನಿವಾಸಿಗಳಿಂದಲೇ ನಕ್ಷೆ ಬರೆಸಿದ ಲಿಂಚ್, ಊರಿನ ನೆನಪು ದಾರಿ, ಅಂಚು, ವಲಯ, ಕೂಡುತಾಣ, ಗುರುತು ಎಂಬ ಐದು ಅಂಶಗಳ ಮೇಲೆ ನಿಲ್ಲುತ್ತದೆ ಎಂದ. ಚಿತ್ರಕಲೆ ಬಾರದವರೂ ಮಾಡಬಹುದಾದ ಅಭ್ಯಾಸವಿದು. ಹೊಸಬರ ತರಗತಿಯಲ್ಲಿ ಬೇರೂರಲು ಅದೇ ಕಾರಣ.

ದೆಹಲಿಯಲ್ಲಿ 1989ರಲ್ಲಿ ಯೋಜನೆಯ ಸ್ನಾತಕ ಪದವಿ ಬಿ.ಪ್ಲಾನ್ ಆರಂಭವಾದ ಮೇಲೆ ಬೋಧನೆಯ ಸ್ವರೂಪ ಬದಲಾಯಿತು. ಅದಕ್ಕೆ ಮುಂಚೆ ಯೋಜನೆ ಓದಲು ಬರುತ್ತಿದ್ದವರು ಪದವೀಧರರು. ಅವರಲ್ಲಿ ವಾಸ್ತುಶಿಲ್ಪಿಗಳಿಗಾದರೂ ಕೈಯಲ್ಲಿ ರೇಖೆ ಕುಳಿತಿತ್ತು. ಈಗ ಬರುವವರು ಪಿಯುಸಿ ಮುಗಿಸಿದ ಹದಿನೆಂಟರ ಹುಡುಗ ಹುಡುಗಿಯರು. ಸ್ಕೇಲ್ ಹಿಡಿಯುವುದರಿಂದಲೇ ಪಾಠ ಶುರುವಾಗಬೇಕು.

ಅಳತೆಯ ಪಾಠ

ಹೊಸಬರು ಮೊದಲು ಎಡವುವುದು ಅಳತೆಯ ಪ್ರಮಾಣದಲ್ಲಿ. ಕರ್ನಾಟಕದ ಗ್ರಾಮ ನಕ್ಷೆಯ ಪ್ರಮಾಣ 1:7920, ಅಂದರೆ ಕಾಗದದ ಒಂದು ಅಂಗುಲಕ್ಕೆ ನೆಲದ 660 ಅಡಿ. 30×40 ಅಡಿಯ ಸೈಟು ಆ ಹಾಳೆಯಲ್ಲಿ ಒಂದು ರಾಗಿ ಕಾಳಿನಷ್ಟು. 1:500ರ ಬಡಾವಣೆ ನಕ್ಷೆಯಲ್ಲಿ ಅದೇ ಸೈಟು ಅಂಚೆ ಚೀಟಿಯಷ್ಟಾಗುತ್ತದೆ; 1:100ಕ್ಕೆ ಬಂದರೆ ಅಂಗೈಗಲವಾಗಿ ಬಾಗಿಲು, ಜಗಲಿ, ಮೆಟ್ಟಿಲು ಕಾಣುತ್ತವೆ. ಯಾವ ಪ್ರಶ್ನೆಯನ್ನು ಯಾವ ಪ್ರಮಾಣದಲ್ಲಿ ಕೇಳಬೇಕು ಎಂಬುದು ಇಲ್ಲಿ ತಿಳಿಯುತ್ತದೆ: ಕೆರೆಯ ಕಾಲುವೆ ಎತ್ತ ಹರಿಯುತ್ತದೆ ಎಂಬುದಕ್ಕೆ ಗ್ರಾಮ ನಕ್ಷೆ, ಜಗಲಿಯ ಮೇಲೆ ಎಷ್ಟು ಜನ ಕೂರಬಹುದು ಎಂಬುದಕ್ಕೆ ದೊಡ್ಡ ಹಾಳೆ.

ಹಳೆಯ ಸರ್ವೆಯ ಸರಪಳಿ 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವೇ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಬಯಲಿನಲ್ಲಿ 33 ಅಡಿ ಹಗ್ಗ ಹಿಡಿದು ನಾಲ್ಕು ಮೂಲೆಗೆ ಗೂಟ ಹೊಡೆದ ವಿದ್ಯಾರ್ಥಿಗೆ 1,089 ಚದರಡಿ ಎಂಬುದು ಮೈಗೆ ತಿಳಿದ ಅಳತೆಯಾಗುತ್ತದೆ. ಎಕರೆಗೆ 43,560 ಚದರಡಿ. 30×40 ಸೈಟಿನ 1,200ರಿಂದ ಭಾಗಿಸಿದರೆ 36 ಸೈಟು. ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟು ಹಾಳೆಯ ಮೇಲೆ ಹಂಚಿ ನೋಡಿದಾಗ ಉಳಿಯುವುದು ಇಪ್ಪತ್ತರ ಆಸುಪಾಸು. ಬಡಾವಣೆಯ ಅರ್ಥಶಾಸ್ತ್ರವೂ ವಿನ್ಯಾಸವೂ ಒಂದೇ ಹಾಳೆಯಲ್ಲಿ ಸಿಗುವ ಅಭ್ಯಾಸವಿದು.

ಊರೇ ಪಠ್ಯ

ಲಿಂಚ್‌ನ ಐದು ಅಂಶಗಳನ್ನು ರಾಮನಗರಕ್ಕೆ ಹೊಂದಿಸಿದರೆ ಪಾಠ ಚುರುಕಾಗುತ್ತದೆ. ರಾಮದೇವರ ಬೆಟ್ಟ ಗುರುತು, ಐಜೂರು ವೃತ್ತ ಕೂಡುತಾಣ, ಹಳೆಯ ಬೆಂಗಳೂರು–ಮೈಸೂರು ರಸ್ತೆ ದಾರಿ. ರೈಲು ಹಳಿ ಪ್ರಯಾಣಿಕರಿಗೆ ದಾರಿ, ಹಳಿ ದಾಟಿ ಹೋಗಬೇಕಾದವರಿಗೆ ಅಂಚು. ಅರ್ಕಾವತಿಯೂ ಹಾಗೆಯೇ: ಮನೆಗಳು ಬೆನ್ನು ತಿರುಗಿಸಿದ ಕಡೆ ಅಂಚು, ಸೇತುವೆಯ ಬಳಿ ಕೂಡುತಾಣ. ಒಂದೇ ವಸ್ತು ಎರಡು ಅಂಶವಾಗಬಲ್ಲದು ಎಂಬುದು ಇಲ್ಲಿ ಕಲಿಯುವ ಸಂಗತಿ.

ಸರ್ಕಾರಿ ರೇಷ್ಮೆಗೂಡು ಮಾರುಕಟ್ಟೆ ಕಾಲದ ಪಾಠ. ನಕ್ಷೆಯಲ್ಲಿ ಅದೊಂದು ನೀಲಿ ಚೌಕ. ನೆಲದಲ್ಲಿ ಗೂಡಿನ ಚೀಲ ಹೊತ್ತ ವಾಹನಗಳು, ರೈತರು, ರೀಲರುಗಳು, ಚಹಾ ಗಾಡಿಗಳೆಲ್ಲ ಹರಾಜಿನ ಹೊತ್ತಿಗೆ ಅದನ್ನು ಬೀದಿಯವರೆಗೆ ಹಿಗ್ಗಿಸುತ್ತವೆ. ವ್ಯಾಪಾರ ಮುಗಿದರೆ ಕುಗ್ಗುತ್ತದೆ. ಗಂಟೆಗೊಂದರಂತೆ ನಕ್ಷೆ ಬರೆಸಿದಾಗ ವಾಹನ ನಿಲುಗಡೆ, ನೆರಳು, ಕುಡಿಯುವ ನೀರಿನ ಜಾಗ ತಾವಾಗಿಯೇ ವಿನ್ಯಾಸದ ಪ್ರಶ್ನೆಗಳಾಗುತ್ತವೆ. ಚನ್ನಪಟ್ಟಣದ ಕಲಾನಗರದಲ್ಲಿ ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚುವ ಮನೆಗಳು ಅಡ್ಡಸೀಳು ಚಿತ್ರಕ್ಕೆ ಒಳ್ಳೆಯ ವಸ್ತು: ಯಂತ್ರ ಎಲ್ಲಿದೆ, ಬೆಳಕು ಯಾವ ಕಡೆಯಿಂದ, ಹೊಟ್ಟು ಎಲ್ಲಿ ಬೀಳುತ್ತದೆ, ಮರ ಎಲ್ಲಿ ಒಣಗುತ್ತದೆ. ಮಾಗಡಿಯ ಕೋಟೆ ಮತ್ತು ಪೇಟೆ ಬೀದಿಗಳು ಮೋಟಾರು ಬರುವ ಮುಂಚಿನ ಅಳತೆಗೆ ಮಾದರಿ.

ದೊಡ್ಡ ಪ್ರಮಾಣದ ಪಾಠಕ್ಕೆ ಹೆದ್ದಾರಿಯಿದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾಗಿ, ರಾಮನಗರ–ಚನ್ನಪಟ್ಟಣವನ್ನು ಬಳಸಿ ಹೋಗುವ ಸುಮಾರು 22 ಕಿ.ಮೀ. ಬೈಪಾಸ್‌ಗೆ ದೂರದ ವಾಹನಗಳು ಹೊರಳಿದವು. ಹಳೆಯ ರಸ್ತೆಯ ಹೋಟೆಲು, ಗೊಂಬೆ ಅಂಗಡಿಗಳು ದಾರಿಹೋಕ ಗಿರಾಕಿಯನ್ನು ನಂಬಿದ್ದವು. ಊರೊಳಗಿನವರಿಗೆ ರಸ್ತೆ ದಾಟುವುದು ಹಗುರವಾಯಿತು. ಅದೇ ಅಗಲದ ರಸ್ತೆಯನ್ನು ಇನ್ನು ಊರ ಬೀದಿಯಾಗಿ ಹೇಗೆ ರೂಪಿಸುವುದು ಎಂಬುದು ಸೆಮಿಸ್ಟರ್ ಪೂರ್ತಿಯ ಕೆಲಸ. 2022ರ ಆಗಸ್ಟ್‌ನಲ್ಲಿ ಕೆರೆಗಳು ತುಂಬಿ ಹರಿದು ತಗ್ಗು ಬಡಾವಣೆಗಳಿಗೂ ಹೆದ್ದಾರಿಗೂ ನೀರು ನುಗ್ಗಿದ್ದು ಗೆಡ್ಡೆಸ್‌ನ ಕಣಿವೆ ಚಿತ್ರವನ್ನು ಮತ್ತೆ ಬಿಚ್ಚುವಂತೆ ಮಾಡುತ್ತದೆ.

ಪರದೆ ಮತ್ತು ವಿಮರ್ಶೆ

2005ರಲ್ಲಿ ಗೂಗಲ್ ಅರ್ಥ್, 2009ರಲ್ಲಿ ಇಸ್ರೋದ ಭುವನ್ ಬಂದ ಮೇಲೆ ಮೂಲ ನಕ್ಷೆಯ ಬರ ನೀಗಿತು. ಕರ್ನಾಟಕದ ದಿಶಾಂಕ್ ಆ್ಯಪ್ ನಿಂತ ನೆಲದ ಸರ್ವೆ ನಂಬರನ್ನೇ ತೋರಿಸುತ್ತದೆ. ಆದರೆ ಬೆರಳ ತುದಿಯಲ್ಲಿ ಹಿಗ್ಗಿ ಕುಗ್ಗುವ ಪರದೆಯಲ್ಲಿ ಪ್ರಮಾಣದ ಅರಿವು ಜಾರಿಹೋಗುತ್ತದೆ. ಕೈಯಲ್ಲಿ ಅಳೆದು ಬರೆದ ಒಂದು ಬೀದಿಯಾದರೂ ಮುಗಿದ ಮೇಲೆ ಜಿಐಎಸ್‌ಗೆ ಹೋಗುವ ಕ್ರಮಕ್ಕೆ ಇದೇ ಆಧಾರ.

ವಿನ್ಯಾಸದ ತರಗತಿಯಾದ ಸ್ಟುಡಿಯೋದ ಕಲಿಕೆ ನಡೆಯುವುದು ಉಪನ್ಯಾಸಕ್ಕಿಂತ ಮೇಜಿನ ಬಳಿ. ವಿದ್ಯಾರ್ಥಿ ಬರೆಯುತ್ತಾನೆ, ಗುರು ಅದರ ಮೇಲೊಂದು ಪಾರದರ್ಶಕ ಹಾಳೆ ಹಾಸಿ ತಿದ್ದಿ ತೋರಿಸುತ್ತಾನೆ, ವಿದ್ಯಾರ್ಥಿ ಮತ್ತೆ ಬರೆಯುತ್ತಾನೆ. ಡೊನಾಲ್ಡ್ ಶೋನ್ 1983ರಲ್ಲಿ ಇದನ್ನು ಮಾಡುತ್ತಲೇ ಯೋಚಿಸುವ ವಿದ್ಯೆಯೆಂದು ವಿವರಿಸಿದ ಮೇಲೆ ಸ್ಟುಡಿಯೋಗೆ ಶೈಕ್ಷಣಿಕ ಸಮರ್ಥನೆಯೂ ದೊರೆಯಿತು. ಅಂತಿಮ ವಿಮರ್ಶೆಯಲ್ಲಿ ಹಾಳೆಯ ಅಂದಕ್ಕೆ ಅಂಕ ಹೋದರೆ ಸಮೀಕ್ಷೆ ಸೊರಗುತ್ತದೆ. ಅಂಕಿಅಂಶಕ್ಕೇ ಹೋದರೆ ವಿನ್ಯಾಸ ಹುಟ್ಟುವುದಿಲ್ಲ. ಆದ್ದರಿಂದ ಎಳೆದ ಪ್ರತಿ ರೇಖೆಗೂ ನೆಲದ ಒಂದು ಕಾರಣ ಕೇಳುವುದು ಒಳ್ಳೆಯ ವಿಮರ್ಶೆಯ ರೂಢಿ.

ಭಾಷೆಯ ತೊಡಕೊಂದು ಉಳಿದಿದೆ. ಪಾಠ ಇಂಗ್ಲಿಷಿನಲ್ಲಿ, ನೆಲದ ದಾಖಲೆ ಕನ್ನಡದಲ್ಲಿ. ಖರಾಬು, ಗೋಮಾಳ, ಗುಂಡುತೋಪು, ರಾಜಕಾಲುವೆ, ಕೋಡಿ ಇವೆಲ್ಲ ಬಳಕೆಯನ್ನೂ ಹಕ್ಕನ್ನೂ ಒಟ್ಟಿಗೆ ಹೇಳುವ ಪದಗಳು. ಇವುಗಳನ್ನು ಬಲ್ಲ ವಿದ್ಯಾರ್ಥಿ, ನಕ್ಷೆಯಲ್ಲಿ ಬರೀ ಹಸಿರಾಗಿ ಕಾಣುವ ತುಂಡಿನಲ್ಲಿ ದನ ಮೇಯುವ ಜಾಗವನ್ನೂ ನೀರು ಹೊರಳುವ ಜಾಗವನ್ನೂ ಬೇರೆ ಮಾಡಿ ಓದುತ್ತಾನೆ. ನೂಲು ಬಿಚ್ಚುವ ಮನೆಯನ್ನು ಹಳದಿಯ ಮೇಲೆ ನೇರಳೆ ಗೆರೆಗಳಲ್ಲಿ ಗುರುತಿಸಿ, ಅದರ ಬಿಸಿ ನೀರಿಗೂ ಸೌದೆಗೂ ಜಾಗ ತೋರಿಸುವುದು ಆರಂಭಿಕ ಸ್ಟುಡಿಯೋ ಕಲಿಸಬೇಕಾದ ಕೌಶಲ.