ಅಗಳಿಯಿಂದ ಬೀಗದ ಕೈಗೆ

ಹಳೆಯ ತೊಟ್ಟಿಮನೆಗಳ ಎಷ್ಟೋ ತಲೆಬಾಗಿಲುಗಳಿಗೆ ಕಬ್ಬಿಣದ ಕೀಲೇ ಬೇಕಿರಲಿಲ್ಲ. ಕದದ ಅಂಚಿನಲ್ಲಿ ಮೇಲಕ್ಕೂ ಕೆಳಕ್ಕೂ ಬಿಟ್ಟ ಗೂಟಗಳು ಚೌಕಟ್ಟಿನ ಕುಳಿಗಳಲ್ಲೇ ತಿರುಗುತ್ತಿದ್ದವು. ಒಳಗಿನಿಂದ ಅಡ್ಡಲಾಗಿ ಅಗಳಿ ಹಾಕಿದರೆ ಮನೆ ಭದ್ರ. ಆದರೆ ಹೊರಗೆ ನಿಂತು ಅಗಳಿ ಹಾಕಲಾಗದು. ಯಾರಾದರೊಬ್ಬರು ಒಳಗೇ ಉಳಿಯಬೇಕು. ಹೆಚ್ಚಾಗಿ ಅದು ಅಜ್ಜಿ ಇಲ್ಲವೇ ಸೊಸೆ. ಅಗಳಿಯ ಗಟ್ಟಿತನವನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

ಮನೆಮಂದಿಯೆಲ್ಲ ಒಟ್ಟಾಗಿ ಜಾತ್ರೆಗೆ ಹೊರಡುವಂತೆ ಮಾಡಿದ್ದು ಹೊರಗಿನ ಸರಪಳಿ ಚಿಲಕ, ಅದಕ್ಕೆ ತೂಗುವ ಬೀಗ. ಅರ್ದೇಶಿರ್ ಗೋದ್ರೆಜ್ ಮುಂಬಯಿಯಲ್ಲಿ ಬೀಗ ತಯಾರಿಕೆಗೆ ಕೈಹಾಕಿದ್ದು 1897ರಲ್ಲಿ. ಅದಕ್ಕೂ ಮೊದಲು, 1860ರ ದಶಕದಲ್ಲಿ, ಅಮೆರಿಕದ ಲೈನಸ್ ಯೇಲ್ ಚಪ್ಪಟೆ ಕೈಯ ಬೀಗಕ್ಕೆ ಪೇಟೆಂಟ್ ಪಡೆದಿದ್ದ. ಅದರೊಳಗೆ ಸ್ಪ್ರಿಂಗ್ ಒತ್ತಿ ಹಿಡಿದ ಪುಟ್ಟ ಕಡ್ಡಿಗಳಿವೆ. ಬೀಗದ ಕೈಯ ಹಲ್ಲುಗಳು ಪ್ರತಿಯೊಂದನ್ನೂ ತಕ್ಕ ಎತ್ತರಕ್ಕೆ ಎತ್ತಿದರಷ್ಟೇ ಉರುಳೆ ತಿರುಗುತ್ತದೆ. ಉಪಾಯ ಹೊಸದೇನಲ್ಲ, ಮರದ ಕಡ್ಡಿಗಳ ಬೀಗ ಪ್ರಾಚೀನ ಈಜಿಪ್ಟಿನಲ್ಲೇ ಇತ್ತು.

ಲೋಹದ ಆಯ್ಕೆಯಲ್ಲಿ ಮಾತ್ರ ಊರಿನ ಗಾಳಿಯದೇ ತೀರ್ಮಾನ. ಬಯಲುಸೀಮೆಯಲ್ಲಿ ತಲೆಮಾರುಗಟ್ಟಲೆ ಬಾಳುವ ಕಬ್ಬಿಣದ ಚಿಲಕ ಕರಾವಳಿಯ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಲ್ಲಿ ಹಿತ್ತಾಳೆ ದುಬಾರಿಯಾದರೂ ಮೇಲು. ಅದಕ್ಕೂ ಕಿಲುಬು ಕಟ್ಟುತ್ತದೆ, ನಿಜ. ಹುಣಸೆಹಣ್ಣಿನಿಂದ ತಿಕ್ಕಿದರೆ ಹೋಗುತ್ತದೆ.