ಆತಕೂರಿನ ಕಾಳಿ

ಚರಿತ್ರೆಯ ಪುಸ್ತಕಗಳಲ್ಲಿ ರಾಜರ ಹೆಸರುಗಳಿಗೆ ಬರವಿಲ್ಲ. ಅವರ ಆನೆ, ಕುದುರೆಗಳ ಹೆಸರುಗಳೂ ಅಲ್ಲಲ್ಲಿ ಸಿಗುತ್ತವೆ. ಆದರೆ ಒಂದು ಬೇಟೆನಾಯಿಯ ಹೆಸರು ಸಾವಿರ ವರ್ಷ ದಾಟಿ ಉಳಿದು ಬಂದಿರುವುದು ಅಪರೂಪ. ಅಂಥದೊಂದು ನಾಯಿ ನಮ್ಮ ಕನ್ನಡ ನಾಡಿನಲ್ಲಿತ್ತು. ಅದರ ಕಥೆ ಮೊದಲಾಗುವುದು ಮಾತ್ರ ತಾಂಬರದಲ್ಲಿ ನೆಲೆಸಿರುವ ನಮಗೆ ಹತ್ತಿರವೇ ಇರುವ ಒಂದು ಊರಿನಲ್ಲಿ.

ತಾಂಬರದಿಂದ ಚೆಂಗಲ್ಪಟ್ಟಿಗೆ ಹೋಗಿ, ಅಲ್ಲಿಂದ ಕಾಂಚೀಪುರದ ಮೇಲೆ ಅರಕ್ಕೋಣಕ್ಕೆ ಹೋಗುವ ರೈಲುದಾರಿಯಲ್ಲಿ ತಕ್ಕೋಲ ಎಂಬ ನಿಲ್ದಾಣವಿದೆ. ಕಾಂಚೀಪುರದ ಸೀರೆಗಾಗಿ ಆ ದಿಕ್ಕಿಗೆ ಹೋಗಿಬರುವ ನಮ್ಮವರು ಈ ಹೆಸರನ್ನು ಕೇಳಿರಬಹುದು. ಕ್ರಿ. ಶ. 949ರಲ್ಲಿ ಇಲ್ಲಿ ದಕ್ಷಿಣ ಭಾರತದ ಬಹು ದೊಡ್ಡ ಯುದ್ಧಗಳಲ್ಲೊಂದು ನಡೆಯಿತು. ಒಂದು ಕಡೆ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣ. ಇನ್ನೊಂದು ಕಡೆ ಚೋಳ ಪರಾಂತಕನ ಮಗ ರಾಜಾದಿತ್ಯ. ಕೃಷ್ಣನ ಬಲಗೈಯಾಗಿ ನಿಂತವನು ಅವನ ಭಾವ, ತಲಕಾಡಿನ ಗಂಗರ ಇಮ್ಮಡಿ ಬೂತುಗ. ರಾಜಾದಿತ್ಯ ರಣದಲ್ಲಿ ಮಡಿದನು. ಅವನನ್ನು ಕೊಂದವನು ಬೂತುಗನೆಂದು ಕನ್ನಡ ಶಾಸನ ಹೇಳುತ್ತದೆ. ಆನೆಯ ಮೇಲಿದ್ದಾಗ ಕೃಷ್ಣರಾಜನ ಬಾಣ ತಾಗಿ ವೀರಸ್ವರ್ಗ ಸೇರಿದನೆಂದು ಚೋಳರ ಲೈಡನ್ ತಾಮ್ರಪಟಗಳು ಹೇಳುತ್ತವೆ. ಗೆಲುವಿಗೆ ಮೆಚ್ಚಿ ಕೃಷ್ಣನು ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮುಂತಾದ ನಾಡುಗಳನ್ನೇ ಕೊಟ್ಟನು.

ಬೂತುಗನ ಕೈಕೆಳಗೆ ಮಣಲೇರನೆಂಬ ವೀರನಿದ್ದನು. ಸಗರ ವಂಶದವನು. ತಕ್ಕೋಲದಲ್ಲಿ ಅವನು ಕಾದಿದ ರೀತಿಗೆ ಮೆಚ್ಚಿ ಬೂತುಗನು, ಬೇಕಾದುದನ್ನು ಕೇಳಿಕೊ ಎಂದನು. ನಾಡುಗಳೇ ಕೈಬದಲಾಗುತ್ತಿದ್ದ ಹೊತ್ತು ಅದು. ಮಣಲೇರ ಹೊನ್ನು ಕೇಳಲಿಲ್ಲ, ಪದವಿ ಕೇಳಲಿಲ್ಲ. ಕಾಳಿಯೆಂಬ ನಾಯಿಯನ್ನು ದಯಪಾಲಿಸಬೇಕು ಎಂದನು! ಆತಕೂರು ಹನ್ನೆರಡು ಹಳ್ಳಿಗಳು ಅವನಿಗೆ ಬಾಳ್ಗಚ್ಚಾಗಿ, ಎಂದರೆ ವೀರನ ಕತ್ತಿ ತೊಳೆದು ಕೊಡುವ ಉಂಬಳಿಯಾಗಿ, ಬಂದವು. ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿಯನ್ನು ಮಾತ್ರ.

ಮಣಲೇರ ಕಾಳಿಯನ್ನು ಕರೆದುಕೊಂಡು ಊರಿಗೆ ಬಂದನು. ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಕಲ್ಲುಗುಡ್ಡದಲ್ಲಿ ಒಂದು ಭಾರಿ ಹಂದಿಯ ಮೇಲೆ ಅದನ್ನು ಬಿಟ್ಟನು. ಕಾಡುಹಂದಿ ತಿರುಗಿ ನಿಂತರೆ ಅದರ ಕೋರೆಗೆ ಎದುರಾಗುವುದು ಸಾಮಾನ್ಯ ಮಾತಲ್ಲ. ಕಾಳಿ ಹಿಂಜರಿಯಲಿಲ್ಲ. ಕೊನೆಗೆ ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು. ತಕ್ಕೋಲದ ರಣದಿಂದ ಗೆದ್ದು ಬಂದವನು ತಾನು ಬೇಡಿ ಪಡೆದ ನಾಯಿಯನ್ನು ಊರಿನ ಗುಡ್ಡದಲ್ಲಿ ಕಳೆದುಕೊಂಡನು.

ಮುಂದೆ ನಡೆದದ್ದೇ ಈ ಕಥೆಯ ತಿರುಳು. ಈಗಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿಗೆ ಸೇರಿದ ಆತಕೂರಿನಲ್ಲಿ, ಚಲ್ಲೇಶ್ವರ ದೇವರ ಗುಡಿಯ ಮುಂದೆ, ಕಾಳಿಗಾಗಿ ಕಲ್ಲು ನೆಡಿಸಿದರು. ಅದರ ಮೇಲೆ ನಾಯಿ ಹಂದಿಗಳ ಕಾಳಗವನ್ನು ಕೆತ್ತಿಸಿದರು. ದೊಡ್ಡ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟುಕೊಟ್ಟರು. ಗುಡಿಯ ಗೊರವನು ಆ ಕಲ್ಲನ್ನು ಪೂಜಿಸದೆ ಉಣ್ಣಬಾರದು, ಉಂಡರೆ ನಾಯಿ ಮಾಡಿದ ಪಾಪ ಅವನಿಗೆ ಎಂದು ಬರೆಸಿದರು. ಭೂಮಿಯನ್ನು ಹಾಳುಮಾಡಿದವರಿಗೂ ಅದೇ ಶಾಪ. ಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವುದು ಕಾಶಿಯಲ್ಲಿ ಗೋವನ್ನು ಕೊಂದ ಪಾಪದ ಮಾತು. ಇಲ್ಲಿ ಹೇಳಿರುವುದು ನಾಯಿಯ ಪಾಪ. ಬೇಟೆನಾಯಿಯ ಬಾಳೆಲ್ಲ ಹಿಂಸೆಯೇ ಎಂಬುದನ್ನು ಬರೆಸಿದವರು ಮರೆತಿರಲಿಲ್ಲವೆಂದು ನಮಗೆ ತೋರುತ್ತದೆ. ಅದು ಗೊತ್ತಿದ್ದೂ ಪೂಜೆ ಏರ್ಪಡಿಸಿದರು.

ವಿದ್ವಾಂಸರು ಆತಕೂರಿನ ಶಾಸನವನ್ನು ಓದುವುದು ತಕ್ಕೋಲದ ಯುದ್ಧಕ್ಕಾಗಿ. ರಾಜಾದಿತ್ಯನ ಮರಣವನ್ನು ಕನ್ನಡದವರ ಬಾಯಲ್ಲಿ ಹೇಳುವ ಕಲ್ಲು ಇದು. ಶಕವರ್ಷ 872, ಸೌಮ್ಯ ಸಂವತ್ಸರವೆಂದು ಕಾಲವನ್ನೂ ಕೊಟ್ಟಿದೆ. ಆದರೆ ಕಲ್ಲು ನೆಟ್ಟದ್ದು ಯುದ್ಧಕ್ಕಾಗಿ ಅಲ್ಲ, ನಾಯಿಗಾಗಿ. ಕಾಳಿ ಆ ಗುಡ್ಡದಲ್ಲಿ ಸಾಯದಿದ್ದರೆ ಈ ಕಲ್ಲೇ ಇರುತ್ತಿರಲಿಲ್ಲ. ದೊರೆಗಳ ಕಥೆ ನಾಯಿಯ ಕಥೆಯ ಬೆನ್ನೇರಿ ನಮ್ಮವರೆಗೆ ಬಂದಿದೆ!

ಈ ಬಗೆಯ ಕೃತಜ್ಞತೆ ಕನ್ನಡಿಗರದು ಮಾತ್ರ ಎಂದು ನಾವು ಬೀಗಬೇಕಾಗಿಲ್ಲ. ತಿರುವಣ್ಣಾಮಲೈ ಜಿಲ್ಲೆಯ ಚೆಂಗಂ ಸೀಮೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ, ಏಳನೆಯ ಶತಮಾನದ, ವೀರಗಲ್ಲೊಂದಿದೆ. ಅದರಲ್ಲಿ ವೀರನ ಪಕ್ಕದಲ್ಲೇ ಅವನ ನಾಯಿಯೂ ಇದೆ. ಹೆಸರು ಕೋವಿವನ್. ಅದು ಕಳ್ಳರನ್ನು ಕಚ್ಚಿ ಕಾವಲು ನಿಂತಿತೆಂದು ತಮಿಳಿನಲ್ಲಿ ಬರೆದಿದೆ.

ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಚೋಳರ ಚರಿತ್ರೆ ಓದುತ್ತಾರೆ, ರಜೆಯಲ್ಲಿ ಊರಿಗೆ ಹೋಗಿ ಗಂಗರ, ರಾಷ್ಟ್ರಕೂಟರ ಕಥೆ ಕೇಳುತ್ತಾರೆ. ತಕ್ಕೋಲದಲ್ಲಿ ಗೆದ್ದವರು ಯಾರೆಂದು ಪಕ್ಕದ ಮನೆಯ ಹುಡುಗರೊಡನೆ ಜಗಳವಾಡಲು ಅವರಿಗೆ ಸುಲಭ. ಮುಂದಿನ ನೂರು ವರ್ಷಗಳಲ್ಲಿ ಚೋಳರೇ ದೊಡ್ಡವರಾಗಿ ಬೆಳೆದರು, ರಾಷ್ಟ್ರಕೂಟರು ಅಳಿದರು. ಗೆಲುವು ಸೋಲುಗಳ ಲೆಕ್ಕ ಹೀಗೆ ತಿರುಗುತ್ತಲೇ ಇರುತ್ತದೆ. ಆ ಲೆಕ್ಕಕ್ಕಿಂತ, ತನಗಾಗಿ ಪ್ರಾಣ ಬಿಟ್ಟ ನಾಯಿಯನ್ನು ನೆನೆಯದೆ ಉಣ್ಣಬಾರದೆಂದು ಕಲ್ಲಿನಲ್ಲಿ ಬರೆಸಿದ ಹಿರಿಯರ ಮನಸ್ಸನ್ನು ಮಕ್ಕಳಿಗೆ ಹೇಳಿಕೊಡುವುದು ಲೇಸು.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ರಜೆಗೆ ಊರಿಗೆ ಹೋಗುವ ಬಂಧುಗಳು ಬೆಂಗಳೂರಿನಲ್ಲಿ ಒಂದು ಗಂಟೆ ಬಿಡುವು ಮಾಡಿಕೊಂಡು ಮಕ್ಕಳಿಗೆ ಅದನ್ನು ತೋರಿಸಬೇಕು. ನಾಯಿಯ ಹೆಸರು ಕಾಳಿ ಎಂದು ತಪ್ಪದೆ ಹೇಳಬೇಕು.