ಮಿಕ್ಕ ಆಹಾರಕ್ಕೊಂದು ಕರಾರು

ಕೊಯ್ಲಾಗಿ ಪೈರು ಸಾಗಿಸಿದ ಮೇಲೆ ಹೊಲದಲ್ಲಿ ಉಳಿದ ತೆನೆಗಳನ್ನು ಬಡವರು ಆಯ್ದುಕೊಳ್ಳಬಹುದು ಎಂದು ಫ್ರಾನ್ಸಿನ ದೊರೆ ಎರಡನೇ ಹೆನ್ರಿ 1554ರಲ್ಲಿ ಶಾಸನ ಹೊರಡಿಸಿದ. ನಮ್ಮ ರೈತರು ಹಕ್ಕಲಾಯುವುದು ಎನ್ನುವ ರೂಢಿಗೆ ಅಲ್ಲಿ ಕಾನೂನಿನ ಆಸರೆ ಸಿಕ್ಕಿತು. ಇಪ್ಪತ್ತನೇ ಶತಮಾನದ ಹೊತ್ತಿಗೆ ಆಹಾರ ಮಿಗುವ ಜಾಗವೇ ಬದಲಾಯಿತು. ಅದೀಗ ಸೂಪರ್‌ಮಾರ್ಕೆಟಿನ ಹಿತ್ತಲು. ಅಲ್ಲಿ ಮಿಕ್ಕಿದ್ದನ್ನು ಕೊಡುವುದೋ ಎಸೆಯುವುದೋ ಅಂಗಡಿಯವರ ಮರ್ಜಿ.

ಅಮೆರಿಕದ ಫೀನಿಕ್ಸ್ ನಗರದಲ್ಲಿ ಜಾನ್ ವ್ಯಾನ್ ಹೆಂಗಲ್ 1967ರಲ್ಲಿ, ಮಿಕ್ಕ ಆಹಾರ ಸಂಗ್ರಹಿಸಿ ಹಂಚುವ ಮೊದಲ ಫುಡ್ ಬ್ಯಾಂಕ್ ತೆರೆದರು. ಆ ಪದ್ಧತಿ 1981ರಲ್ಲಿ ಕೆನಡಾದ ಎಡ್ಮಂಟನ್‌ಗೂ 1984ರಲ್ಲಿ ಪ್ಯಾರಿಸ್‌ಗೂ ಬಂತು. ಮರುವರ್ಷವೇ ಹಾಸ್ಯನಟ ಕೊಲ್ಯೂಶ್ ಹಸಿದವರಿಗೆ ಊಟ ಹಾಕುವ 'ರೆಸ್ತೊ ದ್ಯು ಕ್ಯೋರ್' ಆರಂಭಿಸಿದರು. ಎಲ್ಲವೂ ದಾನಿಗಳ ಮನಸ್ಸಿನ ಮೇಲೆ ನಿಂತಿದ್ದವು. ಕೊಟ್ಟದ್ದನ್ನು ತಿಂದವರಿಗೆ ಕಾಯಿಲೆ ಬಂದರೆ ಕೇಸು ಬೀಳುತ್ತದೆಂಬ ಭಯ ಅಂಗಡಿಯವರಿಗಿತ್ತು. ಸದುದ್ದೇಶದಿಂದ ಕೊಟ್ಟವರಿಗೆ ರಕ್ಷಣೆ ನೀಡುವ ಕಾಯ್ದೆಯನ್ನು ಅಮೆರಿಕ 1996ರಲ್ಲಿ ತಂದಿತು.

ಫ್ರಾನ್ಸಿನ ಕೆಲವು ಅಂಗಡಿಗಳಲ್ಲಿ ಇನ್ನೊಂದು ನಡೆಯುತ್ತಿತ್ತು. ತಿನ್ನಲು ಯೋಗ್ಯವಾದದ್ದನ್ನೇ ಕಸದ ಡಬ್ಬಿಗೆ ಹಾಕಿ, ಯಾರೂ ಎತ್ತಿಕೊಳ್ಳದಿರಲೆಂದು ಮೇಲೆ ಬ್ಲೀಚ್ ಸುರಿಯುತ್ತಿದ್ದರು.

ಜನರ ಸಿಟ್ಟು ಕೆರಳಿದ್ದು ಇಲ್ಲೇ. ಪ್ಯಾರಿಸ್ ಪಕ್ಕದ ಕೂರ್ಬ್ವಾ ಪಟ್ಟಣದ ಕೌನ್ಸಿಲರ್ ಅರಾಶ್ ದೆರಂಬಾರ್ಶ್ ಮಿಕ್ಕ ಆಹಾರದ ದಾನವನ್ನು ಅಂಗಡಿಗಳಿಗೆ ಕಡ್ಡಾಯ ಮಾಡಬೇಕೆಂದು 2015ರಲ್ಲಿ ಆರಂಭಿಸಿದ ಮನವಿಗೆ ಎರಡು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಆಹಾರ ಖಾತೆಯ ಮಾಜಿ ಸಚಿವ ಗಿಯೋಮ್ ಗಾರೊ ಸಂಸತ್ತಿನ ಒಳಗೆ ಅದೇ ವಾದ ಹೂಡಿದರು. ಅದಕ್ಕಾಗಿ ಇಂಧನ ಮಸೂದೆಗೆ ಸೇರಿಸಿದ ಕಲಮನ್ನು ಸಂವಿಧಾನ ಮಂಡಳಿ ಆ ವರ್ಷದ ಆಗಸ್ಟ್‌ನಲ್ಲಿ ಕಾರ್ಯವಿಧಾನದ ಲೋಪಕ್ಕಾಗಿ ತಳ್ಳಿಹಾಕಿತು. ಗಾರೊ ಬಿಡಲಿಲ್ಲ, ಪ್ರತ್ಯೇಕ ಮಸೂದೆಯನ್ನೇ ತಂದರು. 2016ರ ಫೆಬ್ರುವರಿ 11ರಂದು ಅದು ಕಾಯ್ದೆಯಾಯಿತು.

ಅದರ ಪ್ರಕಾರ 400 ಚದರ ಮೀಟರಿಗಿಂತ, ಎಂದರೆ ಸುಮಾರು 4,300 ಚದರ ಅಡಿಗಿಂತ ದೊಡ್ಡದಾದ ಆಹಾರದ ಅಂಗಡಿ ಒಂದು ವರ್ಷದೊಳಗೆ ಸೇವಾಸಂಸ್ಥೆಯೊಂದರ ಜೊತೆ ಲಿಖಿತ ಕರಾರು ಮಾಡಿಕೊಳ್ಳಬೇಕು. ತಪ್ಪಿದರೆ ದಂಡ. ತಿನ್ನಬಹುದಾದದ್ದನ್ನು ಬೇಕೆಂದೇ ಹಾಳುಗೆಡವುವುದೂ 3,750 ಯೂರೋ ದಂಡದ ಅಪರಾಧವಾಯಿತು. ಕೊಡುವ ಮುನ್ನ ವಿಂಗಡಿಸುವ ಹೊಣೆ ಅಂಗಡಿಯದು, ಬೇಡವಾದದ್ದನ್ನು ನಿರಾಕರಿಸುವ ಅವಕಾಶ ಸಂಸ್ಥೆಯದು. ಕಾಯ್ದೆಯ ನಿಜವಾದ ಬಲ ಇಲ್ಲಿದೆ. ಪಡೆಯುವವರು ಕೈಯೊಡ್ಡಿ ನಿಲ್ಲಬೇಕಿಲ್ಲ, ಕರಾರಿನ ಸಮಪಾಲುದಾರರಾಗಿ ಕೂರಬಹುದು.

ಕೊರತೆಗಳೂ ಉಂಟು. ಎಷ್ಟು ಕೊಡಬೇಕೆಂದು ಕಾಯ್ದೆ ಹೇಳುವುದಿಲ್ಲ. ಸಹಿ ಹಾಕಿ ಒಂದಿಷ್ಟು ಕೊಟ್ಟರೂ ನಿಯಮ ಪಾಲಿಸಿದಂತೆಯೇ. ಹಾಲು, ಮಾಂಸ ಕೆಡದಂತೆ ಸಾಗಿಸಲು ಬೇಕಾದ ಶೈತ್ಯ ವಾಹನ, ಕೋಲ್ಡ್ ಸ್ಟೋರೇಜ್, ಸ್ವಯಂಸೇವಕರನ್ನು ಹೊಂದಿಸಿಕೊಳ್ಳುವ ಪಾಡು ಸಂಸ್ಥೆಗಳದೇ. ಆ ಖರ್ಚಿಗೆ ದಾರಿ ಮಾಡದೆ ದಾನವನ್ನಷ್ಟೇ ಕಡ್ಡಾಯ ಮಾಡಿದರೆ ಅಂಗಡಿಯ ಕಸ ಸಂಸ್ಥೆಯ ಬಾಗಿಲಿಗೆ ಬಂದು ಬೀಳುವ ಅಪಾಯವಿದೆ.

ಆದರೂ ದಾರಿ ತೆರೆಯಿತು. ಜೆಕ್ ಗಣರಾಜ್ಯ 2018ರಲ್ಲಿ ಇಂಥದ್ದೇ ನಿಯಮ ತಂದಾಗ ಸೆನೆಟರುಗಳು ಅದನ್ನು ಪ್ರಶ್ನಿಸಿದರು. ಸಂವಿಧಾನ ನ್ಯಾಯಾಲಯ ಎತ್ತಿಹಿಡಿಯಿತು. ಫ್ರಾನ್ಸ್ 2020ರಿಂದ ದೊಡ್ಡ ಕ್ಯಾಂಟೀನುಗಳನ್ನೂ ಆಹಾರ ಕಾರ್ಖಾನೆಗಳನ್ನೂ ಸೇರಿಸಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಸೂಪರ್‌ಮಾರ್ಕೆಟ್‌ಗಳಿಗೆ, 2024ರಿಂದ ದೊಡ್ಡ ಹೋಟೆಲು, ರೆಸ್ಟೋರೆಂಟ್‌ಗಳಿಗೆ ಮಿಕ್ಕದ್ದನ್ನು ಕೊಡುವುದು ಕಡ್ಡಾಯ.

ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ಹೆಚ್ಚುವರಿ ಆಹಾರದ ನಿಯಮಾವಳಿ ಪ್ರಕಟಿಸಿತು. 2020ರ ಜುಲೈನಲ್ಲಿ ಅದು ಜಾರಿಗೆ ಬಂತು. ಮಿಕ್ಕದ್ದನ್ನು ಹೇಗೆ ಪಡೆಯಬೇಕು, ಕಾಪಾಡಬೇಕು, ಹಂಚಬೇಕು ಎಂಬುದೆಲ್ಲ ಅದರಲ್ಲಿದೆ. ಕೊಡಲೇಬೇಕೆಂಬ ಕಟ್ಟಳೆ ಇಲ್ಲ. ಬೆಂಗಳೂರಿನ ಸೂಪರ್‌ಮಾರ್ಕೆಟ್ ಸಂಜೆ ಮಿಕ್ಕಿದ್ದನ್ನು ಕೊಟ್ಟರೆ ಅದು ಇಂದಿಗೂ ಮಾಲೀಕರ ಒಳ್ಳೆಯತನ, ಕಾನೂನಿನ ಹೊಣೆಯಲ್ಲ.